ಇದು ಜೋಗುಳವಲ್ಲ

ಬೆಳಗ್ಗೆ ಫೋನು ಟಿಣ್ ಎಂದರೆ ಸಾಕು, ನಮ್ಮ ಸಂಗೀತದ ಗುಂಪಿಗೆ ಯಾರೋ ಗುಲಾಬಿ ಹೂವಿನ ಶುಭೋದಯ ಕಳಿಸಿದ್ದಾರೆಂದೇ ಲೆಕ್ಕ. ಮಧ್ಯಾಹ್ನದೊಳಗೆ ಹಪ್ಪಳದ ಜಾಹೀರಾತು, ಮಂಡಿನೋವಿಗೆ ಮನೆಮದ್ದು. ಸಂಗೀತ ಮಾತ್ರ ನಾಪತ್ತೆ. ನಿಮ್ಮ ಗುಂಪಿನಲ್ಲೂ ಹೀಗೇ ತಾನೆ? ಆಗೆಲ್ಲ ನನಗೆ ನೈರೋಬಿಯ ಡಾಕ್ಟರ್ ಶೇಷಗಿರಿಯವರು ನೆನಪಾಗುತ್ತಾರೆ. ಅವರ ಕೈಗೆ ಸಿಕ್ಕಿದ್ದರೆ ಆ ಗುಲಾಬಿ ಬೇರುಸಮೇತ ವಾಪಸಾಗುತ್ತಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ಆಗ ನಾವೂ ನೈರೋಬಿಯಲ್ಲಿದ್ದೆವು, ಈ-ಮೇಲ್ ಆಗಷ್ಟೇ ನಮ್ಮ ಕೈಗೆ ಬಂದಿತ್ತು. ಅಲ್ಲಿನ ಸ್ಪ್ರಿಂಗ್ ವ್ಯಾಲಿ ಬಡಾವಣೆಯಲ್ಲಿದ್ದ ಡಾಕ್ಟರು ಮಕ್ಕಳ ವೈದ್ಯರು. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ನಮ್ಮ ಮಕ್ಕಳನ್ನು ದಿನಾ ನೋಡಿ, ನಿದ್ದೆಯಾದರೂ ಕನ್ನಡದಲ್ಲಿ ಬರಲಿ ಎಂದು ಜೋಗುಳಗಳ ಈ-ಮೇಲ್ ಬಳಗವೊಂದನ್ನು ಕಟ್ಟಿದರು. ಬರೆದದ್ದು ಮೊದಲು ಅವರಿಗೆ ಹೋಗಬೇಕು, ಅವರು ಒಪ್ಪಿದರೆ ಎಲ್ಲರಿಗೂ. ಮನೆಯಲ್ಲಿ ಕಂಪ್ಯೂಟರಿಲ್ಲದ ನಾನು ಇಂಡಸ್ಟ್ರಿಯಲ್ ಏರಿಯಾದ ಲಾರಿಗಳ ನಡುವೆ ಮಟಾಟು ಎಂಬ ಬಾಡಿಗೆ ವ್ಯಾನಿನಲ್ಲಿ ತೂರಿಕೊಂಡು ಗಂಡನ ಆಫೀಸಿಗೆ ಹೋಗಿ, ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿ ಬರುತ್ತಿದ್ದೆ.

ನಾಲ್ಕು ಜನ ಸೇರಿದ ಮೇಲೆ ಬರೀ ಜೋಗುಳಕ್ಕೆ ನಿಲ್ಲುತ್ತಾರೆಯೇ? ಬೆಂಗಳೂರಿನಿಂದ ಬರುವವರು ಸಾರಿನ ಪುಡಿ ತರುತ್ತೀರಾ, ಬಾಡಿಗೆ ಮನೆ ಇದೆಯಾ, ಕ್ರಿಕೆಟ್ ಏನಾಯಿತು. ಎಲ್ಲಕ್ಕೂ ಡಾಕ್ಟರದು ಒಂದೇ ಉತ್ತರ: ಇದು ಜೋಗುಳವಲ್ಲ. ಅವರೆಕಾಳಿನ ಉಪ್ಪಿಟ್ಟನ್ನು ನಾನು ಬಾಯಲ್ಲಿ ನೀರೂರುವಂತೆ ವರ್ಣಿಸಿ ಬರೆದದ್ದೂ ಹಾಗೇ ಮರಳಿತು. ವಾರವಿಡೀ ಅವರ ಮೇಲೆ ಮುನಿಸಿಕೊಂಡಿದ್ದೆ. ಅವರಿಗೆ ಅದು ಗೊತ್ತೇ ಆಗಲಿಲ್ಲ. ಮಂಗಳೂರಿನ ಗೆಳತಿ ಸ್ಟೆಲ್ಲಾ, ಹಟ ಮಾಡಿ ಕೊಂಕಣಿ ಜೋಗುಳಕ್ಕೂ ಜಾಗ ಗಿಟ್ಟಿಸಿದವಳು, ನಗುತ್ತಿದ್ದಳು: "ದೇವರೇ ಬರೆದ್ರೂ ವಾಪಸ್ ಕಳಿಸುವ ಜನ ಅವರು, ಮಾರಾಯ್ತಿ."

ಹೀಗಿರುವಾಗ ಮೈಸೂರಿನಲ್ಲಿ ಅಪ್ಪ ತೀರಿಕೊಂಡರು. ಸುದ್ದಿ ಮುಟ್ಟುವಷ್ಟರಲ್ಲಿ ಸಂಸ್ಕಾರವೂ ಮುಗಿದಿತ್ತು. ನೈರೋಬಿಗೆ ಬಂದು ನಿನ್ನ ಮನೆ ನೋಡುತ್ತೇನೆ ಎಂದು ವರ್ಷವರ್ಷವೂ ಹೇಳುತ್ತಿದ್ದವರು ಬರಲೇ ಇಲ್ಲ, ಕೊನೆಗೆ ನಾನೂ ಹೋಗಿ ಮುಖ ನೋಡಲಿಲ್ಲ. ಅಳುವೂ ಬರಲಿಲ್ಲ. ಯಾರ ಹತ್ತಿರ ಹೇಳಿಕೊಳ್ಳಲಿ ಎಂದು ತಿಳಿಯದೆ, ಅಪ್ಪ ಹೋದರು ಎಂದು ಬಳಗಕ್ಕೆ ಬರೆದೆ. ಅದು ಡಾಕ್ಟರ ಹತ್ತಿರವೇ ನಿಂತಿತು. ಸಂಜೆ ಅವರ ಫೋನು ಬಂತು.

"ನಿಮ್ಮ ತಂದೆ ಏನು ಹಾಡಿ ನಿಮ್ಮನ್ನ ಮಲಗಿಸ್ತಿದ್ರಮ್ಮ?"

ಇಂಥ ಹೊತ್ತಿನಲ್ಲೂ ಜೋಗುಳವೇ ಎಂದು ನನಗೆ ಸಿಟ್ಟು ಬಂತು. ಅಪ್ಪನಿಗೆ ಹಾಡು ಬರುತ್ತಿರಲಿಲ್ಲ ಎಂದೆ. ತಲೆ ನೇವರಿಸುತ್ತ, ಮೈಸೂರಿನಿಂದ ಹೊರಟ ರೈಲಿನ ನಿಲ್ದಾಣಗಳನ್ನು ಎಳೆದೆಳೆದು ಹೇಳುತ್ತಿದ್ದರು, ಅಷ್ಟೇ. ಬೆಳಗೊಳ ಬಂತು, ಸಾಗರಕಟ್ಟೆ ಬಂತು, ಕೃಷ್ಣರಾಜನಗರ ಬಂತು. ಹೊಳೆನರಸೀಪುರದಿಂದ ಆಚೆ ಏನು ಹೇಳುತ್ತಿದ್ದರೋ ಗೊತ್ತಿಲ್ಲ, ಅಷ್ಟರಲ್ಲಿ ನನಗೆ ನಿದ್ದೆ.

"ನಿದ್ದೆ ಬರ್ತಿತ್ತಲ್ಲ, ಹಾಗಾದ್ರೆ ಅದು ಜೋಗುಳವೇ. ಬರೆದು ಕಳಿಸಿ" ಎಂದರು.

ಮರುದಿನ ಹೊಳೆನರಸೀಪುರದವರೆಗೆ ಬರೆದು, ಕೆಳಗೆ ಅಪ್ಪ ಹೋದರು ಎಂದು ಸೇರಿಸಿದೆ. ಡಾಕ್ಟರು ಆ ಸಾಲನ್ನು ತೆಗೆಯಲಿಲ್ಲ.

ಎರಡು ದಿನ ಬಿಟ್ಟು ಆಫೀಸಿಗೆ ಹೋಗಿ ನೋಡಿದರೆ, ಸಂತಾಪದ ಮಾತು ಒಂದೂ ಇರಲಿಲ್ಲ. ಯಾರಾದರೂ ಬರೆದಿದ್ದರೂ ಡಾಕ್ಟರು ಬಿಟ್ಟಿರಲಾರರು. ಹಾಸನದ ಕಡೆಯ ಮೇಷ್ಟ್ರೊಬ್ಬರು ಮಾವಿನಕೆರೆ ಬಂತು, ಹಾಸನ ಬಂತು ಎಂದು ಮುಂದುವರಿಸಿದ್ದರು. ಸ್ಟೆಲ್ಲಾ ಅದೇ ರೈಲನ್ನು ಸಕಲೇಶಪುರದಿಂದ ಘಟ್ಟ ಇಳಿಸಿ, ಪುತ್ತೂರು ದಾಟಿಸಿ, ಮಂಗಳೂರಿಗೆ ತಂದಿದ್ದಳು. ಕೆನ್ಯಾದ ಬಂದರು ಮೊಂಬಾಸಾದವರೊಬ್ಬರು ಅಪ್ಪನನ್ನು ಹಡಗಿನಲ್ಲಿ ಸಮುದ್ರ ದಾಟಿಸಿ ತಮ್ಮೂರಿನ ರೈಲು ಹತ್ತಿಸಿದ್ದರು. ವೊಯಿ ಬಂತು, ಮಕಿಂಡು ಬಂತು, ಆಥಿ ರಿವರ್ ಬಂತು. ಕೊನೆಯದು ಡಾಕ್ಟರದು: "ನೈರೋಬಿ ಬಂತು. ಇನ್ನು ಮಲಗಮ್ಮ."

ಅಪ್ಪ ಬಂದೇಬಿಟ್ಟರು ಅನ್ನಿಸಿ, ಅಷ್ಟು ಜನರೆದುರು ಬಿಕ್ಕಿ ಬಿಕ್ಕಿ ಅತ್ತೆ. ಆಫೀಸಿನ ಹೆಂಗಸೊಬ್ಬಳು, ಅಲ್ಲಿ ನೊಂದ ಹೆಂಗಸರಿಗೆ ಸ್ವಾಹಿಲಿಯಲ್ಲಿ 'ಸಮಾಧಾನ, ಅಮ್ಮಾ' ಎಂದು ಹೇಳುವಂತೆ, "ಪೋಲೆ, ಮಾಮಾ" ಎನ್ನುತ್ತ ಚಹಾ ತಂದಿಟ್ಟಳು.

ಈಗ ಮೊಮ್ಮಗಳನ್ನು ಮಲಗಿಸುವ ಕೆಲಸ ನನ್ನದು. ಗುಲಾಬಿಗಳು ಬರುತ್ತಲೇ ಇರಲಿ ಎಂದು ಫೋನನ್ನು ಪಕ್ಕದ ಕೋಣೆಯಲ್ಲಿಟ್ಟು ಬರುತ್ತೇನೆ. ಅವಳಿಗೆ ಸಾಗರಕಟ್ಟೆ ಬರುವಷ್ಟರಲ್ಲೇ ನಿದ್ದೆ. ನನಗೆ ನಡುವೆ ಇಳಿಯಲು ಮನಸ್ಸಾಗುವುದಿಲ್ಲ. ಅಪ್ಪನನ್ನು ನೈರೋಬಿಗೆ ಮುಟ್ಟಿಸಿಯೇ ಏಳುತ್ತೇನೆ.