ರುದ್ರಾಣಮ್ಮನ ಬೈಗುಳ

ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು, ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳಾದ್ದರಿಂದ ಮಾತೂ ಸರಿಯಾಗಿ ಬಾರದು, ತಪ್ಪಿದ್ದರೆ ಕ್ಷಮಿಸಿ. ಹುಲ್ಲಹಳ್ಳಿ ಹತ್ತಿರದ ನಮ್ಮೂರ ಅಂಗನವಾಡಿಯಲ್ಲಿ ಅಡುಗೆ ಮಾಡುವ ರುದ್ರಾಣಮ್ಮನಿಗೆ ಲೋಕದ ಎಲ್ಲ ಕಾಯಿಲೆಗೂ ನವಣೆಯೇ ಮದ್ದು. ಅವರ ಎಲೆ ಅಡಿಕೆ ಚೀಲದಲ್ಲಿ ಇರುವುದು ನವಣೆ ಹಿಟ್ಟಿನ ಉಂಡೆ. ಬಸ್ಸಿನ ಕಂಡಕ್ಟರಿಗೂ ಒಂದು ತಿನ್ನಿಸಿಯೇ ಇಳಿಯುತ್ತಾರೆ. "ನಾಲೆ ನೀರು ಬಂತು, ಎಲ್ರೂ ಬಿಳೀ ಅನ್ನ ಉಣ್ಣಂಗಾದ್ರು, ಮಕ್ಳು ಮಾತ್ರ ಕಡ್ಡಿಯಂಗಾದೊ" ಎಂದು ಗೊಣಗುತ್ತಲೇ ಸಾಮೆ ಪಾಯಸ ತಿರುವುತ್ತಾರೆ. ತಿಂಗಳ ತೂಕದ ದಿನ ಮಗುವಿನ ತೂಕ ಏರಿದ್ದರೆ, ದೃಷ್ಟಿ ತಾಗೀತೆಂದು "ಥೂ, ಒಣಕಲು ಕಡ್ಡಿ!" ಎಂದು ಬೈಯುತ್ತಾರೆ, ಏರದಿದ್ದರೆ, ತಾಯಿ ಎದೆಗುಂದಬಾರದೆಂದು "ಗುಂಡುಗುಂಡಾಗವ್ಳೆ ಕಣವ್ವ" ಎಂದು ಹೊಗಳುತ್ತಾರೆ. ತೂಗಲು ನೆರವಾಗುತ್ತ ಜೊತೆಗೆ ನಿಂತು ತಕ್ಕಡಿಯ ಮುಳ್ಳು ನೋಡುವ ನನಗೆ ಮಾತ್ರ ಇದು ಗೊತ್ತು. ನನ್ನ ಪುಟ್ಟ ತಂಗಿ ವಿಭಾಳನ್ನು ಮೂರು ತಿಂಗಳು ಹೊಗಳಿದರು. ಅವ್ವ ಹಿಗ್ಗಿದಳು, ನಾನು ಹಿತ್ತಲಿಗೆ ಹೋಗಿ ಅತ್ತೆ. ಅಷ್ಟು ದಿನವೂ ರುದ್ರಾಣಮ್ಮ ಸಂಜೆ ತಮ್ಮ ಪಾಲಿನ ಉಂಡೆಯನ್ನೇ ನಮ್ಮ ಮನೆಗೆ ತಂದು, ವಿಭಾ ತಿಂದು ಮುಗಿಸುವವರೆಗೂ ಕೂತಿರುತ್ತಿದ್ದರು. ಇವತ್ತು ಮುಳ್ಳು ಮುಂದಕ್ಕೆ ಸರಿಯಿತು. "ಥೂ, ಯಾವ ಪುಣ್ಯಾತ್ಗಿತ್ತಿ ಹೆತ್ತಳೋ ಈ ಒಣಕಲು ಕಡ್ಡಿಯ!" ಎಂದರು. ಅವ್ವ ಮುಖ ಊದಿಸಿಕೊಂಡಳು, ನನಗೆ ಕುಣಿಯುವಂತಾಯಿತು. ನಾಳೆ ಬೆಳಿಗ್ಗೆ ಬೇಗ ಹೋಗಿ ರುದ್ರಾಣಮ್ಮನಿಗೆ ನವಣೆ ಹುರಿದುಕೊಡುತ್ತೇನೆ.