ಒಂದಡಿ ಮುಂದೆ, ಒಂದಡಿ ಹಿಂದೆ

ನನ್ನ ಗಂಡ ತೀರಿಕೊಂಡ ಮೇಲೆ ಒಂದು ವರ್ಷ, ಪ್ರತಿ ಭಾನುವಾರ ಬೆಳಿಗ್ಗೆ ಕೆಳಗಿನ ಪಾರ್ಕಿಂಗಿಗೆ ಹೋಗಿ ಅವನ ಕಾರನ್ನು ಒಂದಡಿ ಸರಿಸಿ ಮೇಲೆ ಬರುತ್ತಿದ್ದೆ. ದೇವರಿಗೆ ದೀಪ ಹಚ್ಚುವುದನ್ನು ಬಿಟ್ಟಿದ್ದೆ, ಬೆಳಗಿನ ವಾಕಿಂಗ್ ಬಿಟ್ಟಿದ್ದೆ, ಅಕ್ಕನ ಫೋನ್ ತೆಗೆಯುವುದನ್ನೂ ಹೆಚ್ಚುಕಡಿಮೆ ಬಿಟ್ಟಿದ್ದೆ. ಇದೊಂದನ್ನು ಮಾತ್ರ ಬಿಡಲಿಲ್ಲ. ಪ್ರೀತಿಯಿಂದ ಮಾಡುತ್ತಿದ್ದೆ ಎಂದು ಯಾರಾದರೂ ತಿಳಿದುಕೊಂಡರೆ ಅದು ಅವರ ಒಳ್ಳೆಯತನ. ಹಲ್ಲುಜ್ಜಲು ಪ್ರೀತಿ ಬೇಕಾಗುವುದಿಲ್ಲವಲ್ಲ, ಹಾಗೆ ಮಾಡುತ್ತಿದ್ದೆ.

ಇದಕ್ಕೆಲ್ಲ ಕಾರಣ ಅವನು ಹಾಕಿಸಿದ ನಾಲ್ಕು ಟೈರು.

ಕಾರಿನ ಜೊತೆ ಬಂದಿದ್ದ ಟೈರುಗಳಿಗೆ ಏನೂ ಆಗಿರಲಿಲ್ಲ. ಇನ್ನೂ ಎರಡು ಮಳೆಗಾಲ ಆರಾಮಾಗಿ ಓಡುತ್ತಿದ್ದವು. ಅವನ್ನು ಬಿಚ್ಚಿಸಿ, ಅಗಲದ, ಮೆತ್ತನೆ ರಬ್ಬರಿನ, ವೇಗದ ಓಟಕ್ಕೆಂದೇ ಮಾಡಿದ ಸಮ್ಮರ್ ಟೈರುಗಳನ್ನು ಹಾಕಿಸಿಕೊಂಡು ಬಂದ. ಹಿಮ ಬೀಳುವ ದೇಶಗಳಲ್ಲಿ ಇವನ್ನು ಚಳಿಗಾಲದಲ್ಲಿ ಬಿಚ್ಚಿಡುತ್ತಾರಂತೆ. "ನಮಗೆಂತ, ವರ್ಷ ಇಡೀ ಓಡಿಸ್ಬಹುದು" ಎಂದ. ಮಗು ಹುಟ್ಟಿದ ಸುದ್ದಿ ಹೇಳುವವನ ಮುಖ ಮಾಡಿಕೊಂಡಿದ್ದ. ನಮಗೆ ಮಕ್ಕಳಿರಲಿಲ್ಲ. ನಾನು ಟೈರು ನೋಡಿದೆ. ಕಪ್ಪಗಿದ್ದವು, ದುಂಡಗಿದ್ದವು. ಹಾಗೆಂದೇ ಹೇಳಿದೆ. ಎರಡು ದಿನ ಮುನಿಸಿಕೊಂಡ.

ಅವನು ಕುಂದಾಪುರದ ಕಡೆಯವನು. ಅಣ್ಣತಮ್ಮ ಸೇರಿ ಪುಣೆಯ ನಿಗಡಿಯಲ್ಲಿ ಹೋಟೆಲ್ ನಡೆಸುತ್ತಿದ್ದರು. ನಾನು ಮೈಸೂರಿನವಳು, ಹಿಂಜವಾಡಿಯಲ್ಲಿ ಕೆಲಸ. ಪುಣೆಗೆ ಹೊಸದಾಗಿ ಬಂದಾಗ ನಿಗಡಿಯ ಪಿಜಿಯಲ್ಲಿದ್ದೆ, ರಾತ್ರಿ ಊಟಕ್ಕೆ ಅವರ ಹೋಟೆಲಿಗೆ ಹೋಗುತ್ತಿದ್ದೆ. ಹುಡುಗಿಯೊಬ್ಬಳು ಮರಾಠಿಯಲ್ಲಿ ತಡವರಿಸುತ್ತಿರುವುದನ್ನು ನೋಡಿ ಗಲ್ಲಾದ ಮೇಲಿದ್ದವನು "ಎಂತ ಬೇಕು?" ಎಂದು ಕೇಳಿದ್ದೇ ನಮ್ಮಿಬ್ಬರ ಮೊದಲ ಮಾತು. ಮದುವೆಯಾದ ಮೇಲೆ ವಾಕಡದಲ್ಲಿ ಮನೆ ಮಾಡಿದೆವು.

ಆ ಟೈರುಗಳ ಮೇಲೆ ಕೂತು ಹೋಗುವ ಸುಖವನ್ನು ಕೂತವರೇ ಹೇಳಬೇಕು. ರಸ್ತೆಯಲ್ಲಿ ಒಂದು ಕಲ್ಲಿದ್ದರೆ ಅದು ನೇರವಾಗಿ ಬೆನ್ನಿಗೆ ಗೊತ್ತಾಗುತ್ತಿತ್ತು. ಕಾಂಕ್ರೀಟ್ ರಸ್ತೆಗೆ ಬಂದರೆ ಗುಂಯ್ ಎಂಬ ಸದ್ದು, ಒಬ್ಬರ ಮಾತು ಒಬ್ಬರಿಗೆ ಕೇಳದು. ಹೊಂಡ ಕಂಡರೆ ಅವನು ಎಷ್ಟು ನಿಧಾನ ಮಾಡುತ್ತಿದ್ದನೆಂದರೆ, ಹಿಂದಿನ ರಿಕ್ಷಾದವರು ಅವನ ವಂಶವನ್ನೆಲ್ಲ ನೆನೆಯುತ್ತಿದ್ದರು. ಇಷ್ಟಾಗಿಯೂ ಒಮ್ಮೆ ಹೊಂಡಕ್ಕೆ ಬಿದ್ದು, ಟೈರಿನ ಪಕ್ಕದಲ್ಲಿ ಗೋಳಿಬಜೆಯಷ್ಟು ದಪ್ಪದ ಗುಳ್ಳೆ ಎದ್ದಿತು. ಆ ರಾತ್ರಿ ಅವನು ಸರಿಯಾಗಿ ಊಟ ಮಾಡಲಿಲ್ಲ. ಟೈರಿಗೆ ಸೂತಕ ಆಚರಿಸುತ್ತೀಯಾ ಎಂದು ನಾನು ರೇಗಿಸಿದೆ. ಮರುದಿನ ಅಂಥದ್ದೇ ಇನ್ನೊಂದು ಹುಡುಕಿಸಿ ಹಾಕಿಸಿದ.

ಬೇಸಿಗೆಯ ಭಾನುವಾರಗಳಲ್ಲಿ ಬೆಳಕು ಹರಿಯುವ ಮೊದಲೇ ಲೋನಾವಳದ ಘಾಟಿಗೆ ಹೊರಡುತ್ತಿದ್ದ. ಕೆಲವು ಸಲ ನಾನೂ ಹೋಗಿದ್ದೇನೆ. ತಿರುವಿನಲ್ಲಿ ನನ್ನ ಜೀವ ಬಾಯಿಗೆ ಬರುತ್ತಿತ್ತು. ಕಾರು ಮಾತ್ರ ಹಿಡಿದ ರಸ್ತೆ ಬಿಡುತ್ತಿರಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಮೇಲೆ ಚಹಾದ ಗಾಡಿಯ ಹತ್ತಿರ ಅವನಂಥವರೇ ಐದಾರು ಜನ ಸೇರುತ್ತಿದ್ದರು. ಅಳಿಯಂದಿರ ಬಗ್ಗೆ ಮಾತಾಡುವವರಂತೆ ಟೈರುಗಳ ಬಗ್ಗೆ ಮಾತಾಡುತ್ತಿದ್ದರು. ಒಬ್ಬರದು ಬೇಗ ಸವೆಯುತ್ತದೆ, ಇನ್ನೊಬ್ಬರದು ಸದ್ದು ಜಾಸ್ತಿ, ಮತ್ತೊಬ್ಬರದು ನೀರು ನಿಂತ ರಸ್ತೆಯಲ್ಲಿ ಚಿನ್ನ. ದೂರು ಹೇಳದವರು ಯಾರೂ ಇರಲಿಲ್ಲ, ಬದಲಾಯಿಸುವವರೂ ಯಾರೂ ಇರಲಿಲ್ಲ. ಇವನು ಇಳಿದ ಕೂಡಲೇ ಟೈರಿನ ಮೇಲೆ ಅಂಗೈ ಇಟ್ಟು ನೋಡುತ್ತಿದ್ದ. ನನ್ನ ಕೈಯನ್ನೂ ಎಳೆದು ಇಡುತ್ತಿದ್ದ. "ಬಿಸಿ ಆಯ್ತು ನೋಡು. ಈಗ ಹಿಡೀತದೆ." ದೋಸೆ ಕಾವಲಿಗೂ ಹೀಗೇ ಅನ್ನುತ್ತಾನೆ ಎಂದು ನಾನು ಉಳಿದವರಿಗೆ ಹೇಳಿದರೆ ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ.

ವರ್ಷಕ್ಕೊಮ್ಮೆ ಮನೆದೈವದ ಸೇವೆಗೆಂದು ಅವನು ಬಸ್ಸಿನಲ್ಲಿ ಊರಿಗೆ ಹೋದರೆ ಬರುವುದು ಎರಡು ವಾರ ಕಳೆದ ಮೇಲೆ. ಹೊರಡುವ ಮೊದಲು ನನಗೆ ಪಾಠ. ಮೆತ್ತನೆ ರಬ್ಬರು, ನಿಂತಲ್ಲೇ ನಿಂತರೆ ನೆಲಕ್ಕೆ ತಾಗಿದ ಜಾಗ ಚಪ್ಪಟೆಯಾಗುತ್ತದೆ, ಆಮೇಲೆ ಓಡಿಸುವಾಗ ದಬದಬ ಅನ್ನುತ್ತದೆ. "ಭಾನುವಾರ ಸ್ವಲ್ಪ ಹೊತ್ತು ಇಂಜಿನ್ ಓಡಿಸಿ, ಒಂದಡಿ ಸರಿಸಿ ಇಡು ಮಾರಾಯ್ತಿ, ಅಷ್ಟು ಸಾಕು." ನಮ್ಮ ಕಾರಿನ ಮುಂದೆ ಕಂಬ, ಹಿಂದೆ ಗೋಡೆ. ಸರಿಸಲು ಇದ್ದದ್ದೇ ಒಂದಡಿ. ನನ್ನ ಡ್ರೈವಿಂಗ್ ಮೇಲೆ ಭರವಸೆಯಿಲ್ಲದೆ, ಮುಂದಿನ ಚಕ್ರದ ಪಕ್ಕ ನೆಲದ ಮೇಲೆ ಬಿಳಿ ಬಣ್ಣದಲ್ಲಿ ಒಂದು ಗೆರೆ, ಒಂದಡಿ ಮುಂದೆ ಇನ್ನೊಂದು ಗೆರೆ ಎಳೆದಿದ್ದ. ಭಾನುವಾರ ಒಂಬತ್ತಕ್ಕೆ ಊರಿನಿಂದ ಫೋನ್ ಬರುತ್ತಿತ್ತು. ನಾನು ಹೇಗಿದ್ದೇನೆ ಎಂದಲ್ಲ, ಗಾಡಿ ಸರಿಸಿದೆಯಾ ಎಂದು.

ಅವನು ಹೋದದ್ದು ಹೋಟೆಲಿನಲ್ಲೇ. ಬೆಳಿಗ್ಗೆ ಗಲ್ಲಾದ ಮೇಲೆ ಕೂತಿದ್ದವನು ಹಾಗೇ ಪಕ್ಕಕ್ಕೆ ವಾಲಿದನಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಅವನ ಅಣ್ಣ, ನನ್ನ ಭಾವ, ಫೋನ್ ಮಾಡಿದಾಗ ನಾನು ಕಂಪನಿಯ ಕ್ಯಾಬಿನಲ್ಲಿದ್ದೆ. ವಾಪಸ್ ತಿರುಗಿಸಿ ಎಂದು ಡ್ರೈವರಿಗೆ ಹಿಂದಿಯಲ್ಲಿ ಸಾವಕಾಶವಾಗಿ ಹೇಳಿದೆ. ಪಕ್ಕದಲ್ಲಿದ್ದವಳಿಗೆ, ನಿನಗೆ ತಡವಾಗುತ್ತದೆ, ಸಾರಿ ಎಂದೂ ಹೇಳಿದೆ. ಊರಿನಿಂದ ಬಂದ ಹೆಂಗಸರು ನನ್ನ ಹೆಗಲ ಮೇಲೆ ಬಿದ್ದು ಅತ್ತರು. ನಾನು ಅವರ ಬೆನ್ನು ಸವರಿದೆ. ನಾನು ಅಳುವುದನ್ನು ಎಲ್ಲರೂ ಕಾಯುತ್ತಿದ್ದರು, ಬಸ್ ಕಾಯುವ ಹಾಗೆ. ಬರಲಿಲ್ಲ. ಹದಿಮೂರು ಕಳೆದು ಅವರೆಲ್ಲ ಹೊರಟರು. ನನಗೆ ಏನೂ ಅನಿಸುತ್ತಿರಲಿಲ್ಲ. ದುಃಖವಾಗುತ್ತಿಲ್ಲವಲ್ಲ ಎಂಬ ದುಃಖವೂ ಇರಲಿಲ್ಲ.

ಅವನ ಫೋನನ್ನು ಭಾವ ಹೋಟೆಲಿನಲ್ಲೇ ಇಟ್ಟುಕೊಂಡರು. ಬೋರ್ಡಿನ ಮೇಲೆ, ಮೆನು ಕಾರ್ಡಿನ ಮೇಲೆ ಅದೇ ನಂಬರ್ ಇತ್ತು, ಪಾರ್ಸೆಲ್ ಹೇಳುವವರೆಲ್ಲ ಅದಕ್ಕೇ ಫೋನ್ ಮಾಡುತ್ತಿದ್ದರು. ಅಣ್ಣತಮ್ಮನ ದನಿ ಫೋನಿನಲ್ಲಿ ಒಂದೇ. ಮೊದಲೂ ಜನ ಗೊಂದಲ ಮಾಡಿಕೊಳ್ಳುತ್ತಿದ್ದರು. ಆ ನಂಬರಿಗೆ ನಾನು ಫೋನ್ ಮಾಡಲು ಹೋಗಲಿಲ್ಲ. ಭಾವನ ಸ್ವಂತ ನಂಬರಿಗೇ ಮಾಡುತ್ತಿದ್ದೆ.

ಭಾನುವಾರ ಬಂದಾಗ ಕೆಳಗೆ ಹೋದೆ. ಇಂಜಿನ್ ಓಡಿಸಿದೆ, ಮುಂದಿನ ಗೆರೆಗೆ ಸರಿಸಿದೆ. ಮುಂದಿನ ಭಾನುವಾರ ಹಿಂದಿನ ಗೆರೆಗೆ. ಮತ್ತೆ ಮುಂದೆ, ಮತ್ತೆ ಹಿಂದೆ. ಗೆರೆ ತಪ್ಪಿದರೆ ಸರಿಮಾಡಿ ಇಡುತ್ತಿದ್ದೆ. ಗೇಟಿನಾಚೆ ಕಾರನ್ನು ಒಯ್ಯಬೇಕು ಎಂದು ಯಾವತ್ತೂ ಅನಿಸಲಿಲ್ಲ.

ಮೇ ಕೊನೆಯಲ್ಲಿ ಭಾವ ಮನೆಗೆ ಬಂದರು. ವಾರಕ್ಕೊಮ್ಮೆ ಹುಳಿ, ಪಲ್ಯ ತಂದುಕೊಟ್ಟು ಹೋಗುವುದು ಅವರ ಪದ್ಧತಿ. ಕೂತು, ನೀರು ಕುಡಿದು, ಕಿಟಕಿ ನೋಡುತ್ತ ಹೇಳಿದರು. "ಗಾಡಿ ಸುಮ್ಮನೆ ನಿಂತುಕೊಂಡು ಉಂಟಲ್ಲ. ನಮ್ಮ ಗಿರಾಕಿ ಒಬ್ರು ಕೇಳ್ತಾ ಇದ್ದಾರೆ. ಕೊಡುವನಾ?"

"ಕೊಡಿ ಭಾವ."

"ಒಂದ್ಸಲ ಯೋಚನೆ ಮಾಡು ಮಾರಾಯ್ತಿ. ಅವನ ಗಾಡಿ ಅದು."

"ಯೋಚನೆ ಮಾಡೋಕೇನಿದೆ? ಕೊಡಿ."

ಅವರು ನನ್ನನ್ನೇ ನೋಡಿದರು. ಬೇಡ ಎಂದು ನಾನು ಹೇಳಬೇಕಿತ್ತು ಎಂಬುದು ಅವರ ಮುಖದಲ್ಲೇ ಇತ್ತು. ನಾನೂ ಒಳಗೆಲ್ಲ ಹುಡುಕಿದೆ. ಬೇಡ ಎನ್ನುವುದು ಎಲ್ಲೂ ಸಿಗಲಿಲ್ಲ. ಬರುವ ಭಾನುವಾರ ಆ ಗಿರಾಕಿ ಬಂದು ಕಾರು ಒಯ್ಯುವುದು, ಅದಕ್ಕೆ ಮೊದಲು ನಾನು ಟೈರಿಗೆ ಗಾಳಿ ಹಾಕಿಸಿ, ಅಂಗಡಿಯವರಿಗೆ ತೋರಿಸಿಟ್ಟಿರುವುದು ಎಂದು ತೀರ್ಮಾನವಾಯಿತು.

ಶನಿವಾರ ಕಾರನ್ನು ಗೇಟಿನಾಚೆ ತೆಗೆದೆ. ರಸ್ತೆಗೆ ಬಂದದ್ದೇ ಶುರುವಾಯಿತು: ದಬದಬ್, ಒಂದು ಗಳಿಗೆ ಸುಮ್ಮನೆ, ಮತ್ತೆ ದಬದಬ್. ಸ್ಟೇರಿಂಗ್ ಹಿಡಿದ ಕೈ ನಡುಗುತ್ತಿತ್ತು, ನನ್ನಿಂದಲ್ಲ, ಕಾರಿನಿಂದ. ಅಷ್ಟರಲ್ಲಿ ವರ್ಷದ ಮೊದಲ ಮಳೆ ನಾಲ್ಕು ಹನಿ ಉದುರಿತು. ವಾಕಡದ ಚೌಕದಲ್ಲಿ ಸಿಗ್ನಲ್ ಬಿತ್ತು, ಬ್ರೇಕ್ ಒತ್ತಿದೆ. ಕಾರು ನಿಲ್ಲಲಿಲ್ಲ. ಹಸಿ ಬಚ್ಚಲಿನಲ್ಲಿ ಕಾಲು ಜಾರಿದ ಹಾಗೆ ಸರ್ರನೆ ಜಾರಿ, ಮುಂದಿನ ರಿಕ್ಷಾಕ್ಕೆ ಇನ್ನೇನು ತಾಗುತ್ತದೆ ಎನ್ನುವಷ್ಟರಲ್ಲಿ ನಿಂತಿತು. ರಿಕ್ಷಾದವರು ತಲೆ ಹೊರಗೆ ಹಾಕಿ ಮರಾಠಿಯಲ್ಲಿ ಬೈದರು. ನನ್ನ ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು. ಹೆದರಿಕೆ. ಎಷ್ಟೋ ಕಾಲದ ಮೇಲೆ ಏನೋ ಒಂದು ಆಗುತ್ತಿದೆಯಲ್ಲ ಎಂದು ಅದನ್ನೇ ಸ್ವಲ್ಪ ಹೊತ್ತು ನೋಡುತ್ತ ಕೂತೆ. ಹಿಂದಿನವರು ಹಾರ್ನ್ ಹೊಡೆದರು, ಹೊರಟೆ.

ಟೈರಿನ ಅಂಗಡಿಯವರು ವಿಜಯಪುರದ ಕಡೆಯವರು. ನನ್ನ ಗಂಡ ಟೈರು ಹಾಕಿಸಿದ್ದು, ತಿಂಗಳು ತಿಂಗಳು ತೋರಿಸುತ್ತಿದ್ದದ್ದು ಅವರಲ್ಲೇ. ಕಾರಿನ ಗುರುತು ಹಿಡಿದು ಎದ್ದು ಬಂದರು.

"ಬರ್ರಿ ಅಕ್ಕಾರ, ಭಾಳ ದಿನಾ ಆತಲ್ರಿ. ಅಣ್ಣಾರು ಬರಲಿಲ್ಲೇನ್ರಿ?"

"ಇಲ್ಲ" ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಆಯಾಸವಾಗಿತ್ತು.

ಜ್ಯಾಕ್ ಕೊಟ್ಟು ಚಕ್ರ ಮೇಲೆತ್ತಿ, ಕೈಯಿಂದ ತಿರುಗಿಸಿ, ಸವರಿ ನೋಡಿದರು. ಉಗುರು ಒತ್ತಿದರು, ಗಟ್ಟಿಯಾಗಿದ್ದ ರಬ್ಬರಿನೊಳಗೆ ಇಳಿಯಲಿಲ್ಲ. ಇನ್ನೊಂದು ಚಕ್ರ ನೋಡಿದರು. ನಾಲ್ಕನ್ನೂ ನೋಡಿ ತಲೆ ಕೆರೆದುಕೊಂಡರು.

"ನಿಂತ ಗಾಡಿಯೊಳಗ ಒಂದ ಕಡೆ ಚಪ್ಪಟಿ ಆಗೋದು ನೋಡೀನ್ರಿ. ಇದು ಎರಡ ಕಡೆ ಆಗ್ಯದ. ನಾಕೂ ಟೈರಿಗೆ ಹಂಗ ಆಗ್ಯದ. ಏನ ಮಾಡೀರಿ?"

"ಪ್ರತಿ ಭಾನುವಾರ ಸರಿಸಿ ಇಟ್ಟಿದ್ದೀನಿ" ಎಂದೆ. ದನಿಯಲ್ಲಿ ಸ್ವಲ್ಪ ಜಂಬವೇ ಇತ್ತು. "ಒಂದು ವಾರವೂ ತಪ್ಪಿಸಿಲ್ಲ. ಒಂದು ವಾರ ಒಂದಡಿ ಮುಂದೆ, ಮುಂದಿನ ವಾರ ಒಂದಡಿ ಹಿಂದೆ. ಗೆರೆ ಎಳೆದಿದೆ, ಸರಿಯಾಗಿ ಗೆರೆ ಮೇಲೇ ನಿಲ್ಲಿಸ್ತಿದ್ದೆ."

ಅವರು ಚಕ್ರವನ್ನು ಇನ್ನೊಮ್ಮೆ ತಿರುಗಿಸಿದರು. ಆಮೇಲೆ ತೀರ ಮರ್ಯಾದೆಯಿಂದ ಹೇಳಿದರು. "ಅಲ್ರಿ ಅಕ್ಕಾರ, ಒಂದಡಿ ಮುಂದ ಹೋಗಿ ಮತ್ತ ಒಂದಡಿ ಹಿಂದ ಬಂದ್ರ, ಮತ್ತ ಅದ ಜಾಗಾ ಕೆಳಗ ಬರ್ತದಲ್ರಿ."

ನಾನು ಚಕ್ರ ನೋಡಿದೆ. ಕೈ ಹಾಕಿ ಸವರಿದೆ. ಇಲ್ಲೊಂದು, ಅಲ್ಲಿಂದ ಒಂದಡಿ ಆಚೆ ಇನ್ನೊಂದು. ವರ್ಷವಿಡೀ ಇಡೀ ಕಾರಿನ ಭಾರ ಆ ಎರಡೇ ಜಾಗಗಳ ಮೇಲೆ ಹೊರಿಸಿದ್ದೆ. ಇಂಜಿನಿಯರಿಂಗ್ ಓದಿದವಳು ನಾನು. ಅವನು ಹೇಳಿದ್ದು ಎರಡು ವಾರದಲ್ಲಿ ಊರಿನಿಂದ ವಾಪಸ್ ಬರುವವನ ಲೆಕ್ಕ. ಬಂದವನು ಗಾಡಿ ಓಡಿಸುತ್ತಿದ್ದ. ಬರದವನಿಗೂ ನಾನು ಅದೇ ಲೆಕ್ಕ ಹಾಕಿದ್ದೆ.

ನನಗೆ ನಗು ಬಂತು. ತಡೆಯಲಾರದೆ ಜೋರಾಗಿಯೇ ನಕ್ಕೆ. ಇದು ಗೊತ್ತಾದರೆ ಅವನು ಎಂಥ ಮುಖ ಮಾಡುತ್ತಾನೆ, ಘಾಟಿಯ ಚಹಾ ಗಾಡಿಯಲ್ಲಿ ಎಷ್ಟು ವರ್ಷ ಇದನ್ನೇ ಹೇಳುತ್ತಾನೆ, ದೋಸೆ ಕಾವಲಿಯ ಮಾತಿಗೆ ಇದನ್ನು ಹೇಗೆ ತಿರುಗಿಸಿ ಕೊಡುತ್ತಾನೆ ಎಂದುಕೊಳ್ಳುತ್ತ, ನಗುತ್ತಲೇ ಫೋನ್ ತೆಗೆದು ಅವನ ನಂಬರ್ ಒತ್ತಿದೆ.

ಎರಡು ಸಲ ರಿಂಗಾಯಿತು. ಹೋಟೆಲಿನ ಗಲಾಟೆ, ತಟ್ಟೆ ಲೋಟದ ಸದ್ದು.

"ಹಲೋ, ಎಂತ ಬೇಕು?"

ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ.

"ಹಲೋ? ಪಾರ್ಸೆಲಾ?"

"ಭಾವ, ನಾನು."

ಆ ಕಡೆ ತಟ್ಟೆ ಲೋಟದ ಸದ್ದು ದೂರವಾಯಿತು. ಯಾವ ನಂಬರಿಗೆ ಮಾಡಿದ್ದೇನೆ ಎಂದು ಅವರಿಗೆ ಗೊತ್ತಾಗಿರಬೇಕು.

"ಭಾವ, ನಾಳೆ ಅವರು ಬರೋದು ಬೇಡ. ಗಾಡಿ ಕೊಡಲ್ಲ. ಟೈರೆಲ್ಲ ಹಾಳು ಮಾಡಿಬಿಟ್ಟಿದ್ದೀನಿ ಭಾವ..." ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. ಬಂದದ್ದು ನಿಲ್ಲಲಿಲ್ಲ. ಅಲ್ಲೇ ಇದ್ದ ಹಳೆ ಟೈರಿನ ಮೇಲೆ ಕೂತು, ಗಿರಾಕಿಗಳೆಲ್ಲ ನೋಡುತ್ತಿರುವಾಗ, ಫೋನನ್ನು ಮಡಿಲಲ್ಲಿ ಹಿಡಿದುಕೊಂಡು ಬಾಯಿಬಿಟ್ಟು ಅತ್ತೆ.

ಅಂಗಡಿಯವರು ಓಡಿ ಬಂದು ನೀರಿನ ಬಾಟಲಿ ಕೊಟ್ಟರು. ಏನು ಮಾಡಬೇಕೆಂದು ತೋಚದೆ ನಿಂತರು. ಆಮೇಲೆ ಅವರಿಗೆ ವಿಷಯ ಹೊಳೆದಂತಾಯಿತು.

"ಅಣ್ಣಾರು ಬೈದ್ರೇನ್ರಿ? ಇಷ್ಟಕ್ಕ ಯಾಕ ಬೈಬೇಕ್ರಿ? ಫೋನ್ ಇಲ್ಲಿ ಕೊಡ್ರಿ ಅಕ್ಕಾರ, ನಾ ಮಾತಾಡ್ತೀನಿ."

ಕೊಟ್ಟೆ. ಅವರು ನಾಲ್ಕು ಹೆಜ್ಜೆ ಆಚೆ ಹೋದರು. ಆದರೂ ಅವರ ಮಾತು ಕೇಳಿಸುತ್ತಿತ್ತು. "ಅಣ್ಣಾರ, ಅಕ್ಕಾರಿಗೆ ಬೈಬ್ಯಾಡ್ರಿ. ಅವರ ತಪ್ಪೇನಿಲ್ರಿ. ವಾರಾ ವಾರಾ ತಪ್ಪದ ಸರಿಸ್ಯಾರ್ರಿ ಪಾಪ." ಆಮೇಲೆ ಬಹಳ ಹೊತ್ತು ಬರಿದೇ ಕೇಳಿಸಿಕೊಂಡರು. ಹೂಂ ಎಂದರು, ಇನ್ನೊಮ್ಮೆ ಹೂಂ ಎಂದರು. ವಾಪಸ್ ಬಂದು ಫೋನನ್ನು ನನ್ನ ಕೈಗಿಟ್ಟರು.

"ಬೈಯಂಗಿಲ್ಲ ಅಂದ್ರು ನೋಡ್ರಿ" ಎಂದರು. "ಹೊಸಾವು ಹಾಕ್ಸಿಕೊಂಡು, ಮಳಿ ಅದ, ಸಾವಕಾಶ ಮನಿಗೆ ಹೋಗಂತ ಹೇಳ್ರಿ ಅಂದ್ರು."