ರೆಸಿಸ್ಟೆನ್ಸ್ ಎಂಬ ಪದವೂ ನನ್ನ ಎದೆಗೂಡೂ

ಬಂಗಾರಪೇಟೆಯ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು. ಗೊತ್ತಿಲ್ಲದ ಪದ ಎದುರಾದರೆ ಕನ್ನಡಕ ಒರೆಸಿಕೊಂಡು 'ಇದನ್ನು ನಾಳೆ ನೋಡೋಣ' ಎಂದು ದಾಟಿಕೊಳ್ಳುವ ವಿದ್ಯೆ ನನಗೆ ಚೆನ್ನಾಗಿ ಸಿದ್ಧಿಸಿದೆ. ಆದರೆ ಚೆನ್ನಾಗಿ ಗೊತ್ತಿದ್ದೂ ನಾನು ಹಾರಿಸಿಬಿಡುವ ಪದ ಒಂದಿದೆ. ಅದು ರೆಸಿಸ್ಟೆನ್ಸ್. ಯಾಕೆಂದು ಹುಡುಗರಿಗೆ ಹೇಳಿಲ್ಲ, ನಿಮಗೆ ಹೇಳುತ್ತೇನೆ.

ನಿಘಂಟಿನಲ್ಲಿ ಅದಕ್ಕೆ ಸಾಕಷ್ಟು ಜಾಗ ಕೊಟ್ಟಿದ್ದಾರೆ. ಪರದೇಶದ ಸೈನ್ಯ ನುಗ್ಗಿದಾಗ ಊರಿನವರು ತಿರುಗಿಬೀಳುವುದು ರೆಸಿಸ್ಟೆನ್ಸ್. ಸತ್ಯಾಗ್ರಹಿಗಳು ಕೈಯೆತ್ತದೆ ಲಾಠಿ ಏಟು ತಿಂದದ್ದೂ, ಅದರ ಮೊದಲು ಪ್ಯಾಸಿವ್ ಎಂದು ಸೇರಿಸಿಕೊಂಡರೆ, ರೆಸಿಸ್ಟೆನ್ಸೇ. ನಮ್ಮ ಸೈನ್ಸ್ ಮೇಷ್ಟ್ರ ಪ್ರಕಾರ ತಂತಿ ಕೂಡ ಕರೆಂಟಿಗೆ ಅಡ್ಡ ನಿಲ್ಲುತ್ತದಂತೆ, ಬಲ್ಬು ಬೆಳಗುವುದು ಆ ಹಟದಿಂದಲೇ ಅಂತೆ. ಒಂದು ತಂತಿಗಿರುವ ಹಟ ನನಗಿಲ್ಲವಲ್ಲ ಎಂದು ಆವತ್ತು ಸ್ವಲ್ಪ ನಾಚಿಕೆಯಾಯಿತು. ರೆಸಿಸ್ಟೆನ್ಸ್ ಕಡಿಮೆ ಇರುವ ದಾರಿ ಹಿಡಿಯುವುದು ಎಂದೂ ಇಂಗ್ಲಿಷಿನಲ್ಲಿ ಒಂದು ಮಾತಿದೆ. ನನ್ನಂಥವನನ್ನು ಕಂಡೇ ಅದನ್ನು ಮಾಡಿರಬೇಕು. ಕನ್ನಡದಲ್ಲಿ ನಾವು ಒಂದೊಂದಕ್ಕೂ ಒಂದೊಂದು ಮಾತು ಇಟ್ಟುಕೊಂಡಿದ್ದೇವೆ: ಪ್ರತಿಭಟನೆ, ತಡೆ, ಹಟ, ತಾಳಿಕೆ. ಇನ್ನು ಡಾಕ್ಟರುಗಳ ಬಾಯಲ್ಲಿ ಅದು ಕಾಯಿಲೆಗೆ ಬಗ್ಗದ ದೇಹದ ಶಕ್ತಿ. ನನ್ನ ಕಥೆ ಇರುವುದು ಈ ಕೊನೆಯದರಲ್ಲಿ.

ನನ್ನ ಅಕ್ಕನನ್ನು ಕೊಟ್ಟದ್ದು ಚಿನ್ನದ ಗಣಿಯ ಊರಾದ ಉರಿಗಾಮಿಗೆ. ಬಾವ ಮುನಿಸ್ವಾಮಿ ಈ ಕಥೆಯ ಹೊತ್ತಿಗೆ ಹದಿನೆಂಟು ವರ್ಷ ಗಣಿಯೊಳಗೆ ಬಂಡೆ ಕೊರೆಯುವ ಮಿಷನ್ ಹಿಡಿದಿದ್ದವರು. ಬಂಡೆ ಕೊರೆದರೆ ಧೂಳು ಏಳುತ್ತದೆ, ಧೂಳು ಎದೆಯಲ್ಲಿ ಕೂತರೆ ಏಳುವುದಿಲ್ಲ. ಅದಕ್ಕೇ ಗಣಿ ಕೆಲಸದವರಿಗೆ ಆಗಾಗ ಎದೆಯ ಎಕ್ಸ್‌ರೇ ತೆಗೆಯುತ್ತಿದ್ದರು. ಧೂಳು ಕಂಡವರನ್ನು ಒಳಗಿನ ಕೆಲಸದಿಂದ ಬಿಡಿಸುತ್ತಿದ್ದರು. ಜೀವ ಉಳಿಸಲು ಮಾಡಿದ ಏರ್ಪಾಡು. ಆದರೆ ಗಣಿಯವರು ಕೆಲಸದವರಿಗೆ ಕೊಟ್ಟ ಲೈನಿನ ಮನೆಗಳಲ್ಲಿ ಜನ ಹೆದರುತ್ತಿದ್ದದ್ದು ಧೂಳಿಗಲ್ಲ, ಎಕ್ಸ್‌ರೇಗೆ. ಹಾಗಾಗಿ ಅಲ್ಲಿ ಒಂದು ಪದ್ಧತಿ ಬೆಳೆದಿತ್ತು. ಕೆಮ್ಮುವವನ ಹಿತ್ತಾಳೆ ಬಿಲ್ಲೆ ಹಿಡಿದು, ಅವನ ಹೆಸರಿನಲ್ಲಿ ಗಟ್ಟಿಮುಟ್ಟಾದ ನೆಂಟನೊಬ್ಬ ಹೋಗಿ ನಿಲ್ಲುವುದು. ಸಾಲಿನಲ್ಲಿ ಅಷ್ಟು ಜನ ಬರಿಮೈಯಲ್ಲಿ ನಿಂತಿರುವಾಗ ನೋಡುವುದು ಬಿಲ್ಲೆಯ ನಂಬರನ್ನೇ ಹೊರತು ಮುಖವನ್ನಲ್ಲ. ಎದೆ ಕೊಡೋದು ಎಂದು ಅದನ್ನು ಕರೆಯುತ್ತಿದ್ದರು. ಕಷ್ಟಕಾಲಕ್ಕೆ ಮಾಡುವ ಉಪಕಾರ ಎಂದೇ ಎಲ್ಲರ ಎಣಿಕೆ.

ಒಂದು ಭಾನುವಾರ ಅಕ್ಕ ನನ್ನನ್ನು ಕೂರಿಸಿಕೊಂಡು ಹೇಳಿದಳು: "ಪೋಟದಾಗೆ ಧೂಳು ಕಂಡ್ರೆ ಕೆಲ್ಸ ಓಯ್ತದೆ ಕಣ್ಲಾ. ಕೆಲ್ಸ ಓದ್ರೆ ಈ ಮನೆ ಬುಡ್ಬೇಕು. ನಿನ್ನ ಎದೆ ಚೆನ್ನಾಗೈತೆ. ಒಂದ್ಸಲ ಓಗಿ ನಿಂತ್ಕೊಂಡು ಬಾ."

ಬಾಗಿಲಲ್ಲಿ ಕೂತಿದ್ದ ಬಾವ ಕೆಮ್ಮು ಮುಗಿಸಿಕೊಂಡು, "ಬ್ಯಾಡ ಕಣಮ್ಮಿ, ಓದ್ಕೊಂಡಿರೋನ್ನ ಇದ್ಕೆಲ್ಲ ಯಾಕೆ ಎಳೀತೀಯ" ಎಂದರು. ಅವರ ಜೊತೆ ನಾನೂ ಒಂದು 'ಬೇಡ' ಸೇರಿಸಿದ್ದರೆ ಅಕ್ಕ ಸುಮ್ಮನಾಗುತ್ತಿದ್ದಳೋ ಏನೋ. ಅಕ್ಕನ ಕಣ್ಣು ನೋಡಿ ನಾನು ಹೂಂ ಎಂದೆ.

ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ಇಣುಕಿದ ಹುಡುಗನನ್ನು ಕಿವಿ ಹಿಡಿದು ಹೊರಗೆ ಹಾಕುವ ಮೇಷ್ಟ್ರು, ಬಾವನ ಖಾಕಿ ಅಂಗಿ ತೊಟ್ಟು, ಬಾವನ ಪರೀಕ್ಷೆಗೆ ತಾನೇ ಹೋದ. ಸೀಮೆಸುಣ್ಣ ಹಿಡಿದು ಮೆತ್ತಗಾದ ಕೈ ಕಾಣದಿರಲೆಂದು ಅಕ್ಕ ಬೂದಿ ತಿಕ್ಕಿ ಕಳಿಸಿದ್ದಳು. ಮರುವಾರ ಫಿಲಂ ನೋಡುವ ದಿನವೂ ನಾನೇ ಹೋದೆ. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, ಪಕ್ಕದವರನ್ನು ಕರೆದು ತೋರಿಸಿ, ಹದಿನೆಂಟು ವರ್ಷ ಒಳಗಿದ್ದೂ ಇಷ್ಟು ಶುದ್ಧವಾದ ಎದೆಯೇ ಎಂದು ಇಂಗ್ಲಿಷಿನಲ್ಲಿ ಬೆರಗಾದರು. "ವಂಡರ್‌ಫುಲ್ ರೆಸಿಸ್ಟೆನ್ಸ್!" ಎಂದರು. ನನಗೆ ಹೆಮ್ಮೆಯಾಯಿತು. ಹೇಳಲು ಹೇಸಿಗೆಯಾಗುತ್ತದೆ, ಆದರೂ ನಿಜ. ಥ್ಯಾಂಕ್ ಯೂ ಸರ್ ಎಂದು ತುಟಿಯವರೆಗೆ ಬಂದದ್ದನ್ನು ನುಂಗಿಕೊಂಡು ಈಚೆ ಬಂದೆ. ಅಕ್ಕ ಒಬ್ಬಟ್ಟು ಮಾಡಿದ್ದಳು.

ಬಾವ ಮತ್ತೆ ಎರಡು ವರ್ಷ ಒಳಗಿಳಿದರು. ಕೊನೆಗೆ ನಾಲ್ಕು ಹೆಜ್ಜೆ ನಡೆಯಲಾಗದೆ ಆಸ್ಪತ್ರೆ ಸೇರಿದರು. ನೋಡಿಕೊಳ್ಳಲು ಹೋದವನು ನಾನೇ, ಈ ಸಲ ನನ್ನದೇ ಅಂಗಿಯಲ್ಲಿ. ಡಾಕ್ಟರು ಬೇರೆಯವರು. ಹಳೆಯ ಫಿಲಂ, ಹೊಸ ಫಿಲಂ ಎರಡನ್ನೂ ಪಕ್ಕಪಕ್ಕ ಹಿಡಿದು, ಎರಡೇ ವರ್ಷಕ್ಕೆ ಒಬ್ಬ ಮನುಷ್ಯ ಹೀಗಾಗಲು ಹೇಗೆ ಸಾಧ್ಯ ಎಂದು ಬಹಳ ಹೊತ್ತು ನೋಡಿದರು. ಅದು ಒಬ್ಬ ಮನುಷ್ಯನದಲ್ಲ ಎಂದು ಹೇಳಬೇಕಿದ್ದವನು ಅಲ್ಲೇ ಮಂಚದ ಕಂಬಿ ಹಿಡಿದು ನಿಂತಿದ್ದೆ. ಆಮೇಲೆ ಅವರು ಬಾವನ ಎದೆಯ ಮೇಲೆ ಬೆರಳಿಟ್ಟು, ಇನ್ನೊಂದು ಬೆರಳಿನಿಂದ ತಟ್ಟಿ ನೋಡಿದರು.

ಡಾಕ್ಟರು ಆಚೆ ಹೋದ ಮೇಲೆ ಬಾವ ನಕ್ಕರು. "ನಾವೂ ಒಳಗೆ ಇಂಗೇ ಮಾಡೋದು. ಕೆಲ್ಸ ಸುರು ಮಾಡೋಕ್ ಮುಂಚೆ ಮೇಲಿನ ಬಂಡೆಗೆ ಕಂಬಿಯಾಗೆ ಕುಟ್ತೀವಿ. ಗಟ್ಟಿಯಾಗಿದ್ರೆ ಠಣ್ ಅಂತದೆ. ಇಂಗೆ ಡಬ್ ಅಂದ್ರೆ ಅದ್ರ ಕೆಳಗೆ ಯಾರೂ ನಿಂತ್ಕಣಲ್ಲ." ಒಂದೊಂದು ಮಾತಿಗೂ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದರು. ಹದಿನೈದು ದಿನಕ್ಕೆ ಹೋಗಿಬಿಟ್ಟರು. ಲೈನಿನ ಮನೆಯನ್ನೂ ಬಿಡಬೇಕಾಯಿತು. ಅಕ್ಕ ಈಗ ನನ್ನ ಮನೆಯಲ್ಲಿದ್ದಾಳೆ. ಒಂದು ದಿನವೂ ನನ್ನನ್ನು ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬಾವನ ತಿಥಿ ಮುಗಿದ ಕೆಲವೇ ದಿನಕ್ಕೆ, ಅವರ ಜೊತೆ ಕೆಲಸ ಮಾಡುತ್ತಿದ್ದ ಚಿನ್ನಪ್ಪ ಬಂಗಾರಪೇಟೆಗೆ ಹುಡುಕಿಕೊಂಡು ಬಂದ. "ಮೇಷ್ಟ್ರೇ, ನಿಮ್ಮ ಎದೆ ಬಾಳ ಒಳ್ಳೇದಂತೆ. ನಂಗೂ ಒಂದ್ಸಲ ಕೊಡಿ" ಎಂದು ಕಾಲಿಗೆ ಬಿದ್ದ. ಆಗುವುದಿಲ್ಲ ಎಂದೆ. ಅತ್ತ. ಆಗುವುದಿಲ್ಲ ಎಂದೆ. ಹೆಂಡತಿಯನ್ನು ಕರೆತಂದ. ಆಗುವುದಿಲ್ಲ ಎಂದೆ. ಎಕ್ಸ್‌ರೇಯಲ್ಲಿ ಅವನ ಧೂಳು ಸಿಕ್ಕಿತು, ಒಳಗಿನ ಕೆಲಸ ಹೋಯಿತು, ಮನೆಯೂ ಹೋಯಿತು.

ಈಗ ಅವನು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಕಡಲೆಕಾಯಿ ಮಾರುತ್ತಾನೆ. ದಿನಾ ನಾನು ಪ್ಲಾಟ್‌ಫಾರಂ ದಾಟುವಾಗ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಬೈಯುತ್ತಾನೆ, ಆ ತುದಿಯಿಂದ ಈ ತುದಿಯವರೆಗೆ, ನಡುವೆ ಒಂದು ಸಲವೂ ಬಾವನ ಹಾಗೆ ಉಸಿರಿಗೆ ನಿಲ್ಲಿಸದೆ. ನಾನು ಆದಷ್ಟು ನಿಧಾನವಾಗಿ ನಡೆಯುತ್ತೇನೆ.